ಹೊರಗಿನ ಮೆಟ್ಟಿಲು

ಮನೆ ಕಟ್ಟಿಸುವಾಗ ಹೆಂಗಸರನ್ನು ಕೇಳುವ ಮಾತು ಎರಡೇ. ಅಡಿಗೆಮನೆಯ ಕಟ್ಟೆ ಎಷ್ಟು ಎತ್ತರ ಬೇಕು, ದೇವರಮನೆ ಯಾವ ಮೂಲೆಗಿರಲಿ. ಇಷ್ಟು ಕೇಳಿಬಿಟ್ಟರೆ ಯಜಮಾನರಿಗೆ ಸಮಾಧಾನ. ‘ಎಲ್ಲಾ ಅವಳನ್ನ ಕೇಳಿಯೇ ಮಾಡಿದ್ದು’ ಎಂದು ಗೃಹಪ್ರವೇಶದ ದಿನ ಹತ್ತು ಜನರೆದುರು ಹೇಳಿಕೊಳ್ಳುತ್ತಾರೆ. ಬಾಗಿಲಾಚೆಯ ಮೆಟ್ಟಿಲಿನ ಬಗ್ಗೆ ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಮೇಸ್ತ್ರಿಯ ಪಾಲು. ದುಡ್ಡು ಮುಗಿದು, ಸಹನೆಯೂ ಮುಗಿದು, ಕರೆಯೋಲೆ ಅಚ್ಚಿಗೆ ಹೋದ ಮೇಲೆ, ಉಳಿದ ಕಲ್ಲು ಉಳಿದ ಸಿಮೆಂಟಿನಲ್ಲಿ ಎರಡು ದಿನಕ್ಕೆ ಎದ್ದು ನಿಲ್ಲುವಂಥದ್ದು.

ಆ ಮೆಟ್ಟಿಲನ್ನು ದಿನಕ್ಕೆ ಹೆಚ್ಚು ಸಲ ಹತ್ತಿಳಿಯುವವರು ಯಾರು, ನೀವೇ ಲೆಕ್ಕ ಹಾಕಿ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಲು, ಹಾಲಿಗೆ, ಸೊಪ್ಪಿನವಳು ಕೂಗಿದಾಗ, ಕಸದ ಗಾಡಿ ಬಂದಾಗ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆರಿಗೆ. ಮೆಟ್ಟಿಲು ಒಂಬತ್ತು ಇಂಚು ಎತ್ತರವಿದ್ದರೆ ಹತ್ತುವಾಗ ಸೀರೆಯ ಅಂಚು ನಮ್ಮದೇ ಕಾಲಡಿಗೆ ಸಿಕ್ಕುತ್ತದೆ. ಸೀರೆಯುಟ್ಟು ಮೆಟ್ಟಿಲು ಅಳೆದ ಇಂಜಿನಿಯರರನ್ನು ನಾನಂತೂ ಕಂಡಿಲ್ಲ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ ತೂಗುತ್ತದೆ. ತಂದ ಹುಡುಗ ಕೆಳಗೇ ಇಟ್ಟು ಹೋದರೆ ಅದನ್ನು ಮೇಲೆ ಹತ್ತಿಸುವವರೂ ನಾವೇ.

‘ಜಾಗ ಇಲ್ಲ ಕಣ್ರೀ’ ಎನ್ನುತ್ತಾರೆ. ಯಾಕಿಲ್ಲ? ಕಾರಿಗೆ ಇದೆಯಲ್ಲ! ನಮ್ಮೂರುಗಳಲ್ಲಿ ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದನ್ನು ಸುರಿದು ಸುರಿದು ರಸ್ತೆ ಏರುತ್ತಿದೆ. ಮಳೆನೀರು ಒಳಗೆ ಬಾರದಿರಲೆಂದು ಹೊಸ ಮನೆಯ ಪಾಯವನ್ನೂ ಎತ್ತರಿಸುತ್ತಾರೆ. ಸರಿ, ಅದು ಬೇಕಾದದ್ದೇ. ಆದರೆ ಆ ಎತ್ತರವನ್ನು ಕಾರಿಗೆ ಹೇಗೆ ಹಂಚುತ್ತಾರೆ, ಮನುಷ್ಯರಿಗೆ ಹೇಗೆ ಹಂಚುತ್ತಾರೆ ನೋಡಿ. ಕಾರಿನ ಹೊಟ್ಟೆ ನೆಲಕ್ಕೆ ತಗಲಬಾರದೆಂದು ಚರಂಡಿಯ ಮೇಲೂ ಹಾಸು ಹಾಕಿ ರಸ್ತೆಯವರೆಗೆ ನಯವಾದ ಇಳಿಜಾರು. ಎಪ್ಪತ್ತೈದರ ಅಜ್ಜಿಗೆ ಗೋಡೆಗಂಟಿದ ಮೂರು ಗುಡ್ಡ.

ಇನ್ನು ವಾಸ್ತುವಿನ ಲೆಕ್ಕ. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕಂತೆ. ಪಾಯ 27 ಇಂಚು ಇದೆಯೆನ್ನಿ. ನಾಲ್ಕು ಮೆಟ್ಟಿಲಾದರೆ ಒಂದೊಂದು ಆರೂಮುಕ್ಕಾಲು ಇಂಚು, ಸುಖವಾಗಿ ಹತ್ತಬಹುದು. ನಾಲ್ಕು ಸಮಸಂಖ್ಯೆ, ಬೇಡ; ಮೂರು ಮಾಡಿ ಎನ್ನುತ್ತಾರೆ. ಆಯಿತು, ಒಂಬತ್ತು ಇಂಚಿನ ಎತ್ತು. ವಾಸ್ತುವಿನೊಡನೆ ನನಗೆ ಜಗಳವಿಲ್ಲ. ಐದೂ ಬೆಸಸಂಖ್ಯೆಯೇ ತಾನೆ? ಐದನೆಯ ಇಯತ್ತೆಯ ಭಾಗಾಕಾರ ಇದು. ಐದಕ್ಕೆ ಅಂಗಳ ಎರಡಡಿ ಚಿಲ್ಲರೆ ಹೆಚ್ಚು ಬೇಕು, ಅದು ಕಾರಿನ ಜಾಗ. ಆದ್ದರಿಂದ ಶಾಸ್ತ್ರ ಮೂರಕ್ಕೇ ನಿಲ್ಲುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಯ ಮೆಟ್ಟಿಲು 19 ಸೆಂಟಿಮೀಟರಿಗಿಂತ, ಅಂದರೆ ಏಳೂವರೆ ಇಂಚಿಗಿಂತ ಎತ್ತರವಿರಬಾರದು, ಪಾದವಿಡುವ ಅಗಲ 25 ಸೆಂಟಿಮೀಟರಿಗೆ ಕಡಿಮೆಯಾಗಬಾರದು ಎನ್ನುತ್ತದೆ. ಹಳೆಯ ಗಾರೆಯವರ ಸೂತ್ರ ಇನ್ನೂ ಸುಲಭ: ಎರಡು ಎತ್ತರ, ಒಂದು ಅಗಲ ಕೂಡಿದರೆ ಎರಡಡಿಯ ಆಸುಪಾಸು ಬರಬೇಕು. ಆರು ಇಂಚು ಎತ್ತರವಾದರೆ ಒಂದಡಿ ಅಗಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಕನ್ನಡಿಯಂತೆ ಹೊಳೆಯುವ ಗ್ರಾನೈಟನ್ನು ಹೊರಮೆಟ್ಟಿಲಿಗೆ ಹಾಕಿದರು. ‘ಎಲಿವೇಷನ್’ ಚೆನ್ನಾಗಿ ಕಾಣುತ್ತದಂತೆ. ಆಷಾಢದ ಜಿಟಿಜಿಟಿಯಲ್ಲಿ ಆ ಮನೆಯ ಹಿರಿಯಮ್ಮ ತುಳಸಿಗೆ ನೀರು ಹಾಕಲು ಇಳಿದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಈ ವಯಸ್ಸಿನಲ್ಲಿ ನೋಡಿಕೊಂಡು ಇಳಿಯಬಾರದಿತ್ತೇ?’ ಮಗನೂ ಅದನ್ನೇ ಹೇಳಿದ. ಆರು ತಿಂಗಳು ಬೆಡ್‌ಪ್ಯಾನು ಹಿಡಿದವಳು ಸೊಸೆ. ಅವಳೂ ಕಲ್ಲನ್ನು ಬಯ್ಯಲಿಲ್ಲ, ಅತ್ತೆಯನ್ನು ಬಯ್ದಳು. ನನಗೆ ಸಿಟ್ಟು ಬರುವುದು ಇಲ್ಲಿ. ಹೊರಗೆ ಹಾಕುವ ಕಲ್ಲಿಗೆ ಉಳಿಯ ಕಚ್ಚು ಇರಬೇಕು, ಇಲ್ಲವೇ ಮೈ ಒರಟಾಗಿರಬೇಕು ಎಂಬುದು ನಮ್ಮ ಗುಡಿಗಳ ಮೆಟ್ಟಿಲು ಕಡೆದವರಿಗೆಲ್ಲ ಗೊತ್ತಿತ್ತು.

ಈಗ ಅಂಗಳಕ್ಕೆ ಹಾಸುವ ಪೇವರ್ ಬ್ಲಾಕುಗಳಿಂದಲೇ ಮೆಟ್ಟಿಲನ್ನೂ ಕಟ್ಟುವ ರೂಢಿ ಬಂದಿದೆ. ಒಳ್ಳೆಯದೇ, ಕಾಲು ಜಾರುವುದು ಕಡಿಮೆ. ಆದರೆ ಗೋಡೆಗೆ ಒತ್ತಿ ಕಟ್ಟುವ ಮೆಟ್ಟಿಲಿನ ಕೆಳಗಿರುವುದು ಪಾಯದ ಗುಂಡಿಗೆ ಮತ್ತೆ ತುಂಬಿದ ಸಡಿಲ ಮಣ್ಣು. ಎರಡು ಮಳೆಗಾಲಕ್ಕೆ ಅದು ಕುಸಿಯುತ್ತದೆ, ಮೆಟ್ಟಿಲು ಗೋಡೆಯ ಕಡೆಗೆ ವಾಲುತ್ತದೆ, ನೀರೆಲ್ಲ ಗೋಡೆಯ ಬುಡಕ್ಕೇ. ಆ ಮಣ್ಣು ತೆಗೆಸಿ, ಜಲ್ಲಿಯನ್ನು ನಾಲ್ಕು ನಾಲ್ಕು ಇಂಚಿನ ಪದರವಾಗಿ ಹಾಕಿ ದಿಮ್ಮಸು ಹೊಡೆಸಬೇಕು. ಅಡಿಗೆ ಕಾಲು ಇಂಚಿನಂತೆ ಗೋಡೆಯಿಂದ ಆಚೆಗೆ ಇಳಿಜಾರು ಕೊಡಿಸಬೇಕು. ಅಂಚಿನ ಬ್ಲಾಕುಗಳನ್ನು ಬರೀ ಮರಳಿನ ಮೇಲೆ ಕೂರಿಸಬಾರದು, ಸಿಮೆಂಟಿನಲ್ಲಿ ಕಚ್ಚಿಸಬೇಕು. ಪಾಯದ ಮೇಲೆ ತೇವ ಏರದಂತೆ ಹಾಕುವ ಡಿ.ಪಿ.ಸಿ. ಪದರವಿದೆಯಲ್ಲ, ಅದಕ್ಕಿಂತ ಮೇಲೆ ಗೋಡೆಗೆ ತಾಗಿಸಿ ಮಣ್ಣು ತುಂಬಿದರೆ ಒಳಗೋಡೆಯ ಬಣ್ಣ ಹಪ್ಪಳದಂತೆ ಏಳುತ್ತದೆ, ಗೆದ್ದಲಿಗೂ ದಾರಿ ಸಿಗುತ್ತದೆ. ಇನ್ನೊಂದು: ಮೆಟ್ಟಿಲು ಮುಗಿದ ಮೇಲೆ ಅಂಗಳಕ್ಕೆ ಬ್ಲಾಕು ಹಾಸಿದರೆ ನೆಲ ಮೂರು ನಾಲ್ಕು ಇಂಚು ಏರಿ ಮೊದಲ ಮೆಟ್ಟಿಲು ಗಿಡ್ಡವಾಗುತ್ತದೆ. ಕತ್ತಲಲ್ಲಿ ಮುಗ್ಗರಿಸುವುದು ಅಲ್ಲೇ. ಅಂಗಳದ ಮಟ್ಟ ಮೊದಲೇ ಗುರುತು ಹಾಕಿಸಿ. ‘ಟೀಚರಮ್ಮ, ನಿಮಗ್ಯಾಕೆ ಇದೆಲ್ಲ’ ಎಂದು ಮೇಸ್ತ್ರಿ ನಗಬಹುದು. ನಗಲಿ. ಟೇಪು ನಿಮ್ಮ ಕೈಯಲ್ಲೇ ಇರಲಿ.

ಕೈಪಿಡಿ ಹಾಕಿಸಿ ಎಂದರೆ ಮತ್ತೆ ಅದೇ ಎಲಿವೇಷನ್ನಿನ ಮಾತು. ಆ ಗ್ರಾನೈಟು ಮನೆಯವರು ಕೊನೆಗೆ ಒಂದು ಜಿ.ಐ. ಪೈಪು ನಿಲ್ಲಿಸಿ ಬಣ್ಣ ಬಳಿಸಿದರು. ಹಿರಿಯಮ್ಮ ಈಗ ಹೊರಗೆ ಇಳಿಯುವುದಿಲ್ಲ. ಆ ಮನೆಗೆ ಬಂದುಹೋಗುವವರೆಲ್ಲ, ಇಪ್ಪತ್ತರ ಹುಡುಗರು ಕೂಡ, ಪೈಪು ಹಿಡಿದೇ ಹತ್ತುತ್ತಾರೆ.