‘ಇತರೆ’ ಎಂಬ ಅನ್ಯಾಯ

ಲಗ್ಗೆರೆಯಲ್ಲಿ ಹಳೆಯ ಮನೆಗಳು ಉರುಳಿ ಮಹಡಿಗಳು ಏಳುತ್ತಿವೆ. ಮನೆ ಖಾಲಿ ಮಾಡುವಾಗ ಗುಜರಿಯವನ ತಕ್ಕಡಿಗೆ ಬೀಳುವ ವಸ್ತುಗಳಲ್ಲಿ ಧ್ವನಿಸುರುಳಿಯ ಪೆಟ್ಟಿಗೆಯೂ ಒಂದು. “ಎಲ್ಲವೂ ಫೋನಿನಲ್ಲಿ ಸಿಗುತ್ತದಲ್ಲ ಸ್ವಾಮಿ!” ಎಂಬ ಸಮರ್ಥನೆ ನಾಲಗೆಯ ತುದಿಯಲ್ಲೇ ಸಿದ್ಧವಾಗಿರುತ್ತದೆ.

ಎಲ್ಲವೂ ಸಿಗುತ್ತದೆಯೆ? 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನಿಸಿದ ‘ನಿತ್ಯೋತ್ಸವ’ ಸಿಗುತ್ತದೆ, ನಿಜ. ಸಮೀಪದ ಕಂಠೀರವ ಸ್ಟುಡಿಯೋ ಆವರಣದಲ್ಲಿ ಚಿರನಿದ್ರೆಯಲ್ಲಿರುವ ರಾಜಕುಮಾರರ ಹಾಡುಗಳೂ ಸಿಗುತ್ತವೆ. ಆದರೆ ಪೀಣ್ಯದ ಕಾರ್ಖಾನೆಗಳನ್ನು ನಂಬಿ ಇಲ್ಲಿಗೆ ಬಂದ ಸಂಸಾರವೊಂದು ಊರ ಹಬ್ಬದಲ್ಲಿ ಟೇಪ್ ರೆಕಾರ್ಡರಿಗೆ ತುಂಬಿಕೊಂಡು ತಂದ ಅಜ್ಜಿಯ ಸೋಬಾನೆ ಪದ? ಅದಕ್ಕೆ ಪ್ರತಿ ಎಲ್ಲಿದೆ?

ಜೋಡಿಸಿಟ್ಟವರ ಶಿಸ್ತನ್ನಾದರೂ ನೋಡಿ. ಚಿತ್ರಗೀತೆಗೆ ಒಂದು ಸಾಲು, ಭಕ್ತಿಗೀತೆಗೆ ಒಂದು ಸಾಲು, ಎರಡಕ್ಕೂ ಗಾಜಿನ ಬೀರು. ಮನೆಯಲ್ಲೇ ಮುದ್ರಿಸಿದ ಸುರುಳಿಗೆ ಮಾತ್ರ ‘ಇತರೆ’ ಎಂಬ ಚೀಟಿ, ಸ್ಥಳ ಅಟ್ಟ. ಸಾವಿರ ಪ್ರತಿಯುಳ್ಳದ್ದಕ್ಕೆ ಸಿಂಹಾಸನ, ಒಂದೇ ಪ್ರತಿಯುಳ್ಳದ್ದಕ್ಕೆ ಧೂಳು! ಇದಾವ ನ್ಯಾಯ?

ಸುರುಳಿಯೆಂದರೇನು? ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪಾಲಿಯೆಸ್ಟರ್ ಪಟ್ಟಿ, ಅದರ ಮೇಲೆ ಅಂಟಿಸಿದ ಕಾಂತೀಯ ಪುಡಿ. ತಾರಸಿಯ ಕೆಳಗಿನ ಅಟ್ಟದ ಬೇಸಗೆಯ ಕಾವು, ಮಳೆಗಾಲದ ತೇವ ಆ ಅಂಟನ್ನು ಕೆಡಿಸುತ್ತವೆ. ಸ್ಪೀಕರಿನ ಆಯಸ್ಕಾಂತಕ್ಕೆ ತೀರ ಒತ್ತಿಟ್ಟರೆ ಧ್ವನಿಯೇ ಮಾಸಬಹುದು.

ಆದುದರಿಂದ ಜೋಡಣೆಯ ಕ್ರಮವನ್ನೇ ತಲೆಕೆಳಗು ಮಾಡಬೇಕು. ಮೊದಲ ಸಾಲು ಮನೆಯವರ ಧ್ವನಿಗೆ. ಎರಡನೆಯದು ಬಡಾವಣೆಯ ಭಜನೆ, ಹರಿಕಥೆಗಳಿಗೆ. ಅಂಗಡಿಯಲ್ಲಿ ಕೊಂಡದ್ದು ಕೊನೆಗೆ. ಸುರುಳಿಯನ್ನು ಒಂದು ತುದಿಯವರೆಗೆ ಪೂರ್ತಿ ಸುತ್ತಿ, ಅದರ ಡಬ್ಬಿಯಲ್ಲೇ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಮೇಲೆ ಇನ್ನೊಂದು ಹಾಡು ಮುದ್ರಣವಾಗುವ ಭಯ ತಪ್ಪುತ್ತದೆ. ಅನಂತರ ಫೋನಿಗೂ ಕಂಪ್ಯೂಟರಿಗೂ ಪ್ರತಿ ಮಾಡಿಕೊಳ್ಳಿ, ಬೇಡವೆಂದವರಾರು? ಮೂಲವನ್ನು ಮಾತ್ರ ತಕ್ಕಡಿಗೆ ಹಾಕಬೇಡಿ.

ಎಲ್ಲಕ್ಕಿಂತ ಮೊದಲು ‘ಇತರೆ’ ಚೀಟಿಯನ್ನು ಕಿತ್ತು ಹಾಡಿದವರ ಹೆಸರು, ಊರು, ವರ್ಷ ಬರೆಯಿರಿ. ಆ ಧ್ವನಿ ಯಾರದೆಂದು ಕೇಳಿದೊಡನೆ ಹೇಳಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದಾರೆ. ಪೆಟ್ಟಿಗೆಯನ್ನು ಈ ಭಾನುವಾರವೇ ಅಟ್ಟದಿಂದ ಇಳಿಸಿ, ಅವರ ಮುಂದಿಡಿ.