ನಳಿಗೆ ಬದಲಾಯಿಸಿದ ಮೇಲೆ ಅದು ಅಜ್ಜನ ಬಂದೂಕಲ್ಲ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮಾತಾಡುವ ಮನೆಗಳಲ್ಲಿ ಬಂದೂಕಿರುವ ಮನೆ ಬಹಳ ಇಲ್ಲ. ನೇಯ್ಗೆಯವರು, ಒಕ್ಕಲುತನದವರು ನಾವು. ಮಗ್ಗ, ಮೋಟಾರು, ನಾಲ್ಕು ತೆಂಗಿನ ಮರ, ಇವೇ ನಮ್ಮ ಆಸ್ತಿ. ಆದರೂ ಆನೆಮಲೆ ತಪ್ಪಲಲ್ಲಿ, ಉಡುಮಲೈ ಕಡೆ, ಮೇಟುಪಾಳ್ಯದ ಕಡೆ ಅಲ್ಲೊಂದು ಇಲ್ಲೊಂದು ಮನೆಯ ಬೀರುವಿನಲ್ಲಿ ಅಜ್ಜನ ಕಾಲದ ಬೇಟೆ ರೈಫಲ್ಲು ಉಳಿದುಕೊಂಡಿದೆ. ಅಂಥ ಮನೆಗಳ ಹುಡುಗರು ಈಗ ಒಂದು ಮಾತು ಹಿಡಿದಿದ್ದಾರೆ. "ನಳಿಗೆ ಸವೆದಿದೆ, ಅದರ ಕಾಡತೂಸು ಎಲ್ಲೂ ಸಿಗೋದಿಲ್ಲ. ಬೇರೆ ನಳಿಗೆ ಹಾಕಿಸಿ, ಸಿಗೋ ಕಾಡತೂಸಿನ ಬೋರಿಗೆ ತಂದ್ರೆ ಆಯ್ತು. ಕೊಯಮತ್ತೂರಲ್ಲಿ ಲೇತಿಗೆ ಬರವೇ?"

ಲೇತಿಗೆ ಬರವಿಲ್ಲ, ನಿಜ. ಪಂಪಿನ ಶಾಫ್ಟು ಹಿಡಿದು ಗ್ರೈಂಡರಿನ ಭಾಗದವರೆಗೆ ಕೊಟ್ಟದ್ದನ್ನು ಕೊಟ್ಟ ಅಳತೆಗೆ ತಿರುಗಿಸುವ ಕೈಗಳು ಇಲ್ಲಿವೆ. ನಾನೂ ಲೇತಿನ ಮುಂದೆ ನಿಂತು ಹೊಟ್ಟೆ ಹೊರೆದವನು. ಅದಕ್ಕೇ ಹೇಳ್ತೇನೆ, ಇದು ಮಾಡಿಸಬಾರದ ಕೆಲಸ. ಕೈಗೆ ಬರುವ ಕೆಲಸವೆಲ್ಲ ಮಾಡುವ ಕೆಲಸ ಅಲ್ಲ.

ಮೊದಲು ಬೋರು ಅಂದ್ರೆ ಏನು ಅಂತ ನೋಡೋಣ. ಬಂದೂಕಿನ ಬೋರು ಅಂದರೆ ನಳಿಗೆಯ ಒಳಗಿನ ತೂತಿನ ಅಳತೆ. .303 ಅಂದರೆ ಒಂದು ಅಂಗುಲದ ಸಾವಿರದಲ್ಲಿ 303 ಪಾಲು, .315 ಅಂದರೆ 315 ಪಾಲು. ಎರಡಕ್ಕೂ ಇರುವ ವ್ಯತ್ಯಾಸ 12 ಪಾಲು, ಮಿಲಿಮೀಟರಿನಲ್ಲಿ 0.3. "ಇಷ್ಟೇ ತಾನೇ?" ಅಂತಾರೆ ಹುಡುಗರು. ಇಷ್ಟೇ ಅಲ್ಲ. .303ರ ಕಾಡತೂಸಿನ ಕೋಶ 56 ಮಿ.ಮೀ. ಉದ್ದ, .315ರದ್ದು 50. ಕೋಶದ ಮೈ ಬೇರೆ, ಅಂಚು ಬೇರೆ, ಗುಂಡಿನ ದಪ್ಪ ಬೇರೆ. ಅದು ಕೂರುವ ಗೂಡು, ಹಿಂದಿನಿಂದ ಅದನ್ನು ತಡೆದು ನಿಲ್ಲುವ ಬೋಲ್ಟು, ಖಾಲಿ ಕೋಶ ಎಳೆಯುವ ಕೊಕ್ಕೆ, ಎಲ್ಲವೂ ಒಂದಕ್ಕೊಂದು ಒಪ್ಪಬೇಕು. ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣಿಗೆಯ ನಂಬರು ಬದಲಾಯಿಸಿದರೆ ಹಾಸಿನ ಎಳೆಯನ್ನೆಲ್ಲ ಹೊಸದಾಗಿ ಸೇರಿಸಬೇಕು, ನೂಲಿನ ನಂಬರೂ ಅದಕ್ಕೆ ಒಪ್ಪಬೇಕು. ಹಣಿಗೆ ಒಂದನ್ನೇ ಬದಲಾಯಿಸಿ ಸೀರೆ ನೇಯ್ತೀನಿ ಅನ್ನುವವನನ್ನು ನೋಡಿ ನಗುತ್ತೇವೆ. ಮಗ್ಗದಲ್ಲಿ ತಪ್ಪಿದರೆ ಸೀರೆ ಹೋಗುತ್ತದೆ. ಬಂದೂಕಿನಲ್ಲಿ ತಪ್ಪಿದರೆ ಕಣ್ಣು ಹೋಗುತ್ತದೆ.

.303ರ ಕಾಡತೂಸು ಸಿಡಿದಾಗ ನಳಿಗೆಯೊಳಗೆ ಒಂದು ಚದರ ಅಂಗುಲಕ್ಕೆ 18 ಟನ್ನಿಗೂ ಮಿಕ್ಕಿದ ಒತ್ತಡ ಏಳುತ್ತದೆ. ಬಂದೂಕು ಹಿಡಿದವನ ಕೆನ್ನೆ ಆ ಉಕ್ಕಿಗೆ ಒಂದು ಗೇಣಿನ ದೂರದಲ್ಲೂ ಇರುವುದಿಲ್ಲ. ಅದಕ್ಕೇ ಯಾವ ದೇಶದಲ್ಲೇ ಆಗಲಿ ಒಳ್ಳೆಯ ಕಾರ್ಖಾನೆಯವರು ಪ್ರತಿ ನಳಿಗೆಯನ್ನೂ ಮಾಮೂಲಿಗಿಂತ ಹೆಚ್ಚು ಮದ್ದಿನ ಗುಂಡು ಹಾರಿಸಿ ಪರೀಕ್ಷೆ ಮಾಡಿ, ಮುದ್ರೆ ಒತ್ತಿ ಕಳಿಸುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕೆಂದೇ ಒಂದು ಪರೀಕ್ಷಾ ಮನೆ 1813ರಿಂದ ಇದೆ. ಲೇತಿನ ಪಟ್ಟರೆಯಲ್ಲಿ ವರ್ನಿಯರ್ ಇರುತ್ತದೆ, ಮೈಕ್ರೋಮೀಟರ್ ಇರುತ್ತದೆ. ಆ ಪರೀಕ್ಷೆ ಇರುವುದಿಲ್ಲ. ಅಳತೆ ಸರಿಯಾದ ಮಾತ್ರಕ್ಕೆ ಉಕ್ಕು ತಡೆಯುತ್ತದೆ ಅಂತ ಯಾರು ಹೇಳಬೇಕು?

"ಸರ್ಕಾರದ ಕಾರ್ಖಾನೆಯೇ ಬೋರು ಬದಲಾಯಿಸಿಲ್ಲವೇ?" ಅಂತ ಓದಿಕೊಂಡ ಹುಡುಗರು ಕೇಳುತ್ತಾರೆ. ಬದಲಾಯಿಸಿದೆ. ಬಂಗಾಳದ ಇಶಾಪುರ ಕಾರ್ಖಾನೆ .303 ರೈಫಲ್ಲಿನ ಮಾದರಿಯಲ್ಲೇ .410ರ ನಯ ನಳಿಗೆಯ ಮಸ್ಕೆಟ್ಟನ್ನು ಪೊಲೀಸರಿಗೆ, ಕಾವಲಿನವರಿಗೆ ಮಾಡಿಕೊಟ್ಟಿತು. 1962ರ ಚೀನಾ ಯುದ್ಧವಾದ ಮೇಲೆ ಅದೇ ಹಳೆಯ ಮಾದರಿಯನ್ನು 7.62 ಮಿ.ಮೀ. ಕಾಡತೂಸಿಗೆ ತಂದಿತು. ಹೇಗೆ ತಂದಿತು ಅನ್ನೋದನ್ನೂ ಓದಬೇಕು. ನಳಿಗೆ ಒಂದನ್ನೇ ತಿರುಪಿ ಕೂರಿಸಲಿಲ್ಲ. ಉಕ್ಕನ್ನೇ ಹೆಚ್ಚು ಗಟ್ಟಿಯದು ಮಾಡಿತು, ಕೊಕ್ಕೆ ಬದಲಾಯಿಸಿತು, ಮ್ಯಾಗಜೀನು ಬದಲಾಯಿಸಿತು. ಅಷ್ಟು ಸಾಮಗ್ರಿ, ಅಷ್ಟು ಇಂಜಿನಿಯರುಗಳಿದ್ದ ಕಾರ್ಖಾನೆಗೇ ಅದು ಹೊಸ ಬಂದೂಕು ಮಾಡಿದಷ್ಟು ಕೆಲಸವಾಯಿತು. ಬೋರು ಬದಲಾಯಿಸುವುದು ದುರಸ್ತಿ ಅಲ್ಲ, ಹಳೆಯ ಹೆಸರಿನಲ್ಲಿ ಹೊಸ ಬಂದೂಕು ಮಾಡುವುದು.

ಕಾನೂನೂ ಹಾಗೇ ನೋಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕು ತಯಾರಿಸುವುದನ್ನೂ, ಪರಿವರ್ತಿಸುವುದನ್ನೂ, ದುರಸ್ತಿಯನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಅದಕ್ಕೆಂದೇ ಪಡೆದ ಲೈಸೆನ್ಸ್ ಇಲ್ಲದೆ ಯಾವುದನ್ನೂ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು. 2016ರ ನಿಯಮಗಳು ಹೇಳಿರುವ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಲೈಸೆನ್ಸ್ ಇಲ್ಲದೆ ಬದಲಾಯಿಸುವುದೂ ಅಪರಾಧ. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು. .303 ನಿಷೇಧಿತ ಬೋರು, .315 ಅಲ್ಲ. ಹಾಗಾಗಿ "ನಿಷೇಧಿತವನ್ನು ಸಾಧುವಾಗಿ ಮಾಡ್ತಿದ್ದೀವಿ, ಒಳ್ಳೇದೇ ಅಲ್ಲವೇ" ಅನ್ನುವವರೂ ಸಿಕ್ಕಿಬೀಳುತ್ತಾರೆ. ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ಬೋರು ಬರೆದಿದೆ, ನಂಬರು ಬರೆದಿದೆ. ನಾಳೆ ತಪಾಸಣೆಯಲ್ಲಿ ಪುಸ್ತಕ ಒಂದು, ಬಂದೂಕು ಒಂದು ಹೇಳಿದರೆ ಕಟಕಟೆಯಲ್ಲಿ ನಿಲ್ಲುವವರು ಯಾರು? ಅಜ್ಜ ಅಲ್ಲ, ಮೊಮ್ಮಗ. ಅವನ ಪಕ್ಕದಲ್ಲಿ ಲೇತಿನವನು, ದಿನಗೂಲಿಯ ಬಡಪಾಯಿ.

"ಕೊಡಗಿನಲ್ಲಿ ಲೈಸೆನ್ಸೇ ಬೇಡ" ಅನ್ನುವ ಮಾತೂ ಓಡಾಡುತ್ತದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. ಅದು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಬಂದೂಕಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹಿರಿಯರದ್ದು ಅಂತ ಪೂಜೆ ಮಾಡುವ ವಸ್ತುವನ್ನು ಪಟ್ಟರೆಗೆ ಕೊಟ್ಟು ಬೇರೆ ಮಾಡಿಸುವುದು ಯಾವ ಗೌರವ?

ಇನ್ನು ಬೋರಿನ ಕಥೆ. ಈ ಅಂಕಿಗಳು ಸುಮ್ಮನೆ ಬಂದವಲ್ಲ. 1878ರ ಶಸ್ತ್ರ ಕಾಯ್ದೆಯಲ್ಲಿ ಭಾರತೀಯನಿಗೆ ಲೈಸೆನ್ಸ್ ಬೇಕಾಯಿತು, ಯುರೋಪಿನವನಿಗೆ ವಿನಾಯಿತಿ ಸಿಕ್ಕಿತು. 1907ರ ಹೊತ್ತಿಗೆ .450 ಬೋರಿನ ರೈಫಲ್ಲು ಇಲ್ಲಿಗೆ ಬರುವುದನ್ನೇ ಸರ್ಕಾರ ತಡೆಯಿತು. ಸೈನ್ಯದ ಹಳೆಯ ಮಾರ್ಟಿನಿ ರೈಫಲ್ಲಿನ ಬೋರು ಅದು, ಕಾಡತೂಸು ದಂಗೆಕೋರರ ಕೈಗೆ ಸೇರೀತು ಅನ್ನುವ ಭಯ. ವಿಲಾಯತಿ ಬಂದೂಕಿನ ಕಂಪನಿಗಳು .465, .470, .475 ಅಂತ ಪಕ್ಕದ ಬೋರುಗಳನ್ನು ಹಿಡಿದು ಶಿಕಾರಿಯವರಿಗೆ ಮಾರಿದವು. ಸೈನ್ಯದ .303 ಜನರಿಗೆ ಬೇಡ ಅಂತಲೇ .315 ಇಲ್ಲಿ ನೆಲೆಯೂರಿತು. ಅದು ಮೂಲದಲ್ಲಿ ಆಸ್ಟ್ರಿಯಾ ಸೈನ್ಯದ ಕಾಡತೂಸು. ಅಜ್ಜನ ನಳಿಗೆಯ ಮೇಲಿನ ಆ ಮೂರು ಅಂಕಿ ಆಳುವವರ ಭಯದ ದಾಖಲೆ. ಶಾಲೆಯ ಮೇಷ್ಟ್ರು ಅದೊಂದನ್ನು ಹಿಡಿದು ಮಕ್ಕಳಿಗೆ ಒಂದು ಪಾಠ ಮಾಡಬಹುದು. ನಳಿಗೆ ಗುಜರಿಗೆ ಹೋದರೆ ಪಾಠವೂ ಹೋಯಿತು.

ಅಷ್ಟಕ್ಕೂ ಯಾಕೆ ಬೇಕು ಈ ಹೊಸ ನಳಿಗೆ? ಬೇಟೆಯ ಕಾಲ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. "ಹಂದಿ ಕಾಟ ನಿಮಗೇನು ಗೊತ್ತು?" ಅಂತ ಕೇಳಬೇಡಿ, ಗೊತ್ತು. ಒಂದು ರಾತ್ರಿಯಲ್ಲಿ ಜೋಳದ ಹೊಲ ಉತ್ತಂತಾಗಿರುವುದನ್ನು ನಾನೂ ನೋಡಿದ್ದೇನೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಕಾಡಿನಿಂದ 3 ಕಿಲೋಮೀಟರಿಗಿಂತ ಆಚೆ ಬರುವ ಹಂದಿಯನ್ನು ಹೊಡೆಯಬಹುದು ಅಂದದ್ದು ಅರಣ್ಯ ಇಲಾಖೆಯವರಿಗೆ, ನಮಗಲ್ಲ. ಅವರು ಬರುವುದಿಲ್ಲ ಅಂದರೆ ಊರೆಲ್ಲ ಸೇರಿ ಅರ್ಜಿ ಕೊಡೋಣ, ಕಚೇರಿಯ ಮುಂದೆ ಕೂರೋಣ, ಬೆಳೆ ಪರಿಹಾರ ಕೇಳೋಣ. ಅದಕ್ಕೆ ನಾನು ಮೊದಲ ಸಾಲಿನಲ್ಲಿ ಬರ್ತೇನೆ. ಪಟ್ಟರೆಯಲ್ಲಿ ಕದ್ದು ಮಾಡಿಸಿದ ನಳಿಗೆಯಿಂದ ಹಂದಿ ಸಾಯುವ ಮುಂಚೆ ಮನುಷ್ಯ ಸಾಯುತ್ತಾನೆ.

ಹಾಗಾದರೆ ಏನು ಮಾಡಬೇಕು? ಲೈಸೆನ್ಸ್ ಇದ್ದರೆ ಹೊತ್ತಿಗೆ ಸರಿಯಾಗಿ ನವೀಕರಿಸಿ. ಉಡುಮಲೈ ಕಡೆಯವರ ಹಳೆ ಪುಸ್ತಕದಲ್ಲಿ ಕೊಯಮತ್ತೂರು ಅಂತ ಇರಬಹುದು, 2009ರಿಂದ ನೀವು ತಿರುಪ್ಪೂರು ಜಿಲ್ಲೆಯವರು. ಹೆಸರಿನವರು ತೀರಿಹೋಗಿದ್ದರೆ ಬಂದೂಕನ್ನು ಮನೆಯಲ್ಲಿಟ್ಟುಕೊಂಡು ಕೂರಬೇಡಿ. ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರವೋ ಒಪ್ಪಿಸಿ ರಸೀದಿ ತಗೊಳ್ಳಿ, ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಎಣ್ಣೆ ಒರೆಸಿ ಇಡಿ, ಹಾರಿಸಬೇಡಿ. ಪಟ್ಟರೆಯ ತಮ್ಮಂದಿರಿಗೆ ಒಂದು ಮಾತು: ಗೋಣಿಯಲ್ಲಿ ಸುತ್ತಿ ರಾತ್ರಿ ಹೊತ್ತು ತರುವ ಕೆಲಸಕ್ಕೆ ಎಷ್ಟು ಕೂಲಿ ಕೊಟ್ಟರೂ ಸಾಲದು. ತಂದವನಿಗೆ ಬಾಗಿಲಲ್ಲೇ ಆಗೋದಿಲ್ಲ ಅನ್ನಿ.