ಐದು ರೂಪಾಯಿಯ ಚೀಟಿ

ಮುಂಬೈಯ ಬಾರುಗಳ ಬೋರ್ಡಿನಲ್ಲಿ 'ಪರ್ಮಿಟ್ ರೂಮ್' ಎಂದು ಬರೆದಿರುತ್ತದೆ. ಊರಿಂದ ಹೊಸದಾಗಿ ಬಂದವರು ಹಾಗೆಂದರೇನು ಎಂದು ಕೇಳುವುದುಂಟು. ಇಲ್ಲೇ ಹುಟ್ಟಿ ಬೆಳೆದವರು ಕೇಳುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಮಹಾರಾಷ್ಟ್ರದ ಕಾನೂನಿನ ಪ್ರಕಾರ ಇವತ್ತಿಗೂ ಮದ್ಯ ಕುಡಿಯುವ ಪ್ರತಿಯೊಬ್ಬರ ಬಳಿ ಪರವಾನಗಿ ಇರಬೇಕು. ಒಂದು ದಿನದ್ದಾದರೆ ವಿದೇಶಿ ಮದ್ಯಕ್ಕೆ 5 ರೂಪಾಯಿ, ದೇಶಿ ದಾರೂಗೆ 2. ವರ್ಷದ್ದು 100, ಜೀವಮಾನದ್ದು 1000. ಇದೆಲ್ಲ ಮೊರಾರ್ಜಿ ದೇಸಾಯಿ ಗೃಹಮಂತ್ರಿಯಾಗಿದ್ದ ಕಾಲದ, 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ಪಳೆಯುಳಿಕೆ. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರೂ ಇದೇ ಕಾಯ್ದೆಯ ಕೆಳಗಿದ್ದರು. ಈಗ ಇಲ್ಲಿನ ಪರ್ಮಿಟ್ ರೂಮುಗಳ ಗಲ್ಲಾದ ಹಿಂದೆ ನಮ್ಮ ಕರಾವಳಿಯವರೇ ಬೇಕಾದಷ್ಟು ಮಂದಿ ಕೂತಿದ್ದಾರೆ. ಹಾಗಾಗಿ ಇದು ಪರರ ಮನೆಯ ಜಗಳವೇನಲ್ಲ.

ಈ ಚೀಟಿ ಉಳಿಯಬೇಕೆ, ಹೋಗಬೇಕೆ? ಇಬ್ಬರನ್ನು ಮಾತಿಗೆಳೆದೆ. ಒಬ್ಬರು ಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ಅಧ್ಯಾಪಕಿ. ಇನ್ನೊಬ್ಬರು ಉಪನಗರದ ಪರ್ಮಿಟ್ ರೂಮೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದವರು. ಹೆಸರು ಬೇಡವೆಂದರು ಇಬ್ಬರೂ. ನನ್ನ ಒಲವು ಎರಡನೆಯವರ ಕಡೆಗಿದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಮೊದಲನೆಯವರನ್ನು ತಳ್ಳಿಹಾಕುವುದು ನನ್ನಿಂದಾಗಲಿಲ್ಲ.

ಪರ: ಚೀಟಿ ಇರಲಿ

ನನ್ನ ತರಗತಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಬೆಳಗಾದರೆ ನಾಕಾದಲ್ಲಿ ಕೂಲಿಗೆ ನಿಲ್ಲುವವರ ಮಕ್ಕಳೇ ಹೆಚ್ಚು. ಒಬ್ಬ ಹುಡುಗ ಶನಿವಾರ ಗಂಟೆ ಬಾರಿಸುತ್ತಲೇ ಓಟ ಕೀಳುತ್ತಿದ್ದ. ಯಾಕೋ ಎಂದು ಒಂದು ದಿನ ಹಿಡಿದು ನಿಲ್ಲಿಸಿದೆ. "ಅಪ್ಪ ಪಗಾರ ತಗೊಂಡು ಬರೋದ್ರೊಳಗೆ ಅಕ್ಕಿ ಡಬ್ಬಿ ಪಕ್ಕದ ಖೋಲಿಯ ಮಾವಶಿ ಹತ್ರ ಇಟ್ಟು ಬರ್ಬೇಕು ಟೀಚರ್" ಎಂದ. ಪಗಾರ ಮುಗಿದ ಮೇಲೆ ಅಪ್ಪ ಅಕ್ಕಿಯನ್ನೂ ಮಾರುತ್ತಿದ್ದನಂತೆ.

ಕುಡಿಯುವುದು ನನ್ನ ಸ್ವಾತಂತ್ರ್ಯ ಎನ್ನುವವರು ಸಾಮಾನ್ಯವಾಗಿ ತಮಗೆಂದೇ ಒಂದು ಕೋಣೆ ಇರುವವರು. ಹತ್ತು-ಹನ್ನೆರಡು ಅಡಿಯ ಖೋಲಿಯಲ್ಲಿ ಆರು ಜನ ಮಲಗುವ ಕಡೆ ಒಬ್ಬ ಕುಡಿದು ಬಂದರೆ ಉಳಿದ ಐವರಿಗೆ ರಾತ್ರಿಯಿಡೀ ಜಾಗರಣೆ. ಆ ಐವರ ಸ್ವಾತಂತ್ರ್ಯದ ಲೆಕ್ಕ ಯಾರು ಇಡುತ್ತಾರೆ? ಸಂವಿಧಾನದ 47ನೆಯ ವಿಧಿ ಪಾನನಿಷೇಧದ ಮಾತು ಹೇಳುವುದು ಮಡಿವಂತಿಕೆಯಿಂದಲ್ಲ. ಪೌಷ್ಟಿಕತೆ, ಜೀವನಮಟ್ಟ, ಜನರ ಆರೋಗ್ಯ, ಇವುಗಳ ಜೊತೆಗೇ ಅಲ್ಲಿ ಮದ್ಯದ ಮಾತು ಬರುತ್ತದೆ. ಬರೆದವರಿಗೆ ಅಕ್ಕಿ ಡಬ್ಬಿಯ ವಿಷಯ ಗೊತ್ತಿತ್ತು.

ನಿಷೇಧವಿದ್ದಲ್ಲೇ ಕಳ್ಳಬಟ್ಟಿ ಎಂದು ಎಲ್ಲರೂ ಹೇಳುತ್ತಾರೆ. 2015ರ ಜೂನ್‌ನಲ್ಲಿ ಮಾಲಾಡಿನ ಮಾಲವಣಿಯಲ್ಲಿ ಮಿಥೆನಾಲ್ ಬೆರೆತ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮುಂಬೈಯಲ್ಲಿ ಆಗ ನಿಷೇಧ ಎಲ್ಲಿತ್ತು? ಹೆಜ್ಜೆಗೊಂದು ವೈನ್ ಶಾಪ್ ಇತ್ತು. ಅವರು ಸತ್ತದ್ದು ಅಗ್ಗದ ಆಸೆಗೆ, ಮತ್ತು ಕಾನೂನು ಕಣ್ಣುಮುಚ್ಚಿ ಕೂತದ್ದಕ್ಕೆ.

ಇನ್ನು ನೈತಿಕತೆಯನ್ನು ಹೇರುತ್ತೀರಿ ಎಂಬ ಆರೋಪ. ಮಹಾರಾಷ್ಟ್ರದಲ್ಲಿ ವಾರ್ಡಿನ ಶೇ. 25ರಷ್ಟು ಮಹಿಳಾ ಮತದಾರರು ಕೇಳಿದರೆ ಮದ್ಯದಂಗಡಿಯ ಮೇಲೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರ, ನಿಂತ ಬಾಟಲಿ ಮತ್ತು ಮಲಗಿದ ಬಾಟಲಿ. ಮಲಗಿದ ಬಾಟಲಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿಗೆ ಬೀಗ. ಓದು ಬರಹ ಬಾರದ ಹೆಂಗಸು ಬಾಟಲಿಯ ಚಿತ್ರದ ಮೇಲೆ ಮುದ್ರೆ ಒತ್ತುವುದು ಹೇರಿಕೆಯೇ? ನನಗೆ ಅದು ಪ್ರಜಾಪ್ರಭುತ್ವದಂತೆಯೇ ಕಾಣುತ್ತದೆ.

ಯಾರೂ ಪರ್ಮಿಟ್ ಕೊಳ್ಳುವುದಿಲ್ಲ, ತೆಗೆದುಹಾಕಿ ಅನ್ನುತ್ತಾರೆ. ಲೋಕಲ್‌ನಲ್ಲಿ ಟಿಕೆಟ್ ಇಲ್ಲದೆ ಹೋಗುವವರಿದ್ದಾರೆಂದು ಟಿಕೆಟನ್ನೇ ತೆಗೆದುಹಾಕುತ್ತೇವೆಯೇ? ಟಿ.ಸಿ.ಯನ್ನು ನಿಲ್ಲಿಸುತ್ತೇವೆ. ವಿಸ್ಕಿಗೆ 25, ಬಿಯರಿಗೆ 21 ಎಂದು ವಯಸ್ಸಿನ ಮಿತಿ ಇದೆ. ಚೀಟಿಯನ್ನು ಸರಿಯಾಗಿ ಬರೆದರೆ ವಯಸ್ಸು ತಾನಾಗಿ ವಿಚಾರಣೆಗೆ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮನೆಬಾಗಿಲಿಗೆ ಬಾಟಲಿ ತಲುಪಿಸುವಾಗ ಪರ್ಮಿಟ್ ಕೇಳಿದರಲ್ಲ? ಬೇಕೆಂದಾಗ ಸರ್ಕಾರಕ್ಕೂ ನೆನಪಾಗುತ್ತದೆ.

ವಿರೋಧ: ಚೀಟಿ ಹರಿಯಿರಿ

ಟೀಚರ್ ಬರೆದದ್ದನ್ನು ಎರಡು ಸಲ ಓದಿದೆ. ನಾನು ಈ ದಂಧೆಯ ಅನ್ನ ತಿಂದವನು, ನನ್ನ ಮಾತನ್ನು ಅಷ್ಟು ಉಪ್ಪು ಖಾರ ಬಿಟ್ಟೇ ತಗೊಳ್ಳಿ.

ನಮ್ಮ ಗಲ್ಲಾದ ಕೆಳಗಿನ ಖಾನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಚೀಟಿ ಪುಸ್ತಕ ಇರುತ್ತಿತ್ತು. ಗಿರಾಕಿ ಬರುತ್ತಾನೆ, ಕ್ವಾರ್ಟರ್ ಹೇಳುತ್ತಾನೆ, ಚಕ್ಕುಲಿ ಕಡಿಯುತ್ತಾನೆ, ಹೋಗುತ್ತಾನೆ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ನಾನು ಕೂತು ಹೆಸರು ಬರೆಯುತ್ತಿದ್ದೆ. ವೇಟರ್‌ಗಳ ಹೆಸರು, ಊರಿನ ಗೆಳೆಯರ ಹೆಸರು, ಏನೂ ಹೊಳೆಯದಿದ್ದರೆ ಹಳೆ ಕ್ರಿಕೆಟ್ ಟೀಮಿನ ಹೆಸರು. ಆರೋಗ್ಯ ರಕ್ಷಣೆಗಾಗಿ ಈತನಿಗೆ ಮದ್ಯ ಬೇಕಾಗಿದೆ ಎಂಬ ಅರ್ಥದ ಮಾತು ಆ ಪರ್ಮಿಟ್ಟಿನಲ್ಲಿ ಅಚ್ಚಾಗಿದೆ. ಔಷಧಿಯ ನೆಪದಲ್ಲಿ ಸಡಿಲಿಸಿದ ಕಾಲದ ಭಾಷೆ, ತೆಗೆಯುವವರಿಲ್ಲದೆ ಉಳಿದುಕೊಂಡಿದೆ.

ಲೋಕಲ್ ಟಿಕೆಟ್ಟಿನ ಹೋಲಿಕೆ ಚೆನ್ನಾಗಿದೆ. ಆದರೆ ಲೋಕಲ್‌ನಲ್ಲಿ ಟಿಕೆಟ್ ತೆಗೆಯುವವರೇ ಹೆಚ್ಚು, ತಪ್ಪಿಸುವವರು ಕಡಿಮೆ. ಇಲ್ಲಿ ತಾನಾಗಿ ಚೀಟಿ ಕೇಳಿದ ಗಿರಾಕಿಗಳನ್ನು ನಾನು ಒಂದು ಕೈಯ ಬೆರಳಲ್ಲಿ ಎಣಿಸಬಲ್ಲೆ. ಇಡೀ ಶಹರವೇ ತಪ್ಪಿತಸ್ಥ ಅಂದಮೇಲೆ ಯಾರನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಕಾನೂನಲ್ಲ, ಆವತ್ತು ಡ್ಯೂಟಿಯಲ್ಲಿರುವವನು. 2012ರಲ್ಲಿ ಸಮಾಜ ಸೇವಾ ಶಾಖೆಯ ಎಸಿಪಿ ವಸಂತ ಢೋಬಳೆ ಹಾಕಿ ಕೋಲು ಹಿಡಿದು ಬಾರು-ಪಬ್ಬುಗಳಿಗೆ ನುಗ್ಗಿದ್ದು ನೆನಪಿರಬಹುದು. ಮುಚ್ಚಿಟ್ಟ ಹಳೆ ಕಲಮುಗಳೆಲ್ಲ ಆಗ ಹೊರಗೆ ಬಂದವು. ಅಲ್ಲಿಯವರೆಗೆ ಪರ್ಮಿಟ್ ಅಂದರೇನೆಂದು ಕೇಳದಿದ್ದ ಹುಡುಗ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಅದಾದ ಮೇಲೆ ಚೀಟಿ ಪುಸ್ತಕ ಮತ್ತೆ ಕೆಳಗಿನ ಖಾನೆಗೆ ಹೋಯಿತು.

ಕಾಯ್ದೆ ಕೋರ್ಟಿನಲ್ಲಿ ಗೆದ್ದಿದೆಯಲ್ಲ ಅನ್ನಬಹುದು. ಗೆದ್ದಿದೆ. ಬಾಲಸರಾ ಎಂಬ ಪಾರ್ಸಿ ಗೃಹಸ್ಥ ಹೂಡಿದ ಮೊಕದ್ದಮೆಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಸೈನ್ಯದ ಮೆಸ್ಸಿಗೆ ಕೊಟ್ಟ ವಿನಾಯಿತಿಯನ್ನೂ ಒಪ್ಪಿತು. ಆದರೆ ಆಲ್ಕೋಹಾಲ್ ಇರುವ ಔಷಧಿ, ಸೆಂಟುಗಳನ್ನು ಇಟ್ಟುಕೊಳ್ಳುವುದನ್ನೂ ತಡೆದ ಭಾಗ ಬಿದ್ದುಹೋಯಿತು. ಮದ್ಯವನ್ನು ಹೊಗಳುವುದೂ ಅಪರಾಧ ಎಂದಿದ್ದ ಕಲಮೂ ಬಿತ್ತು. ಬಾಟಲಿಯ ಬಗ್ಗೆ ಎರಡು ಒಳ್ಳೆ ಮಾತಾಡಿದರೆ ಜೈಲು ಎಂದು ಒಂದು ಕಾಲದ ಸಜ್ಜನರು ನಿಜವಾಗಿ ಬರೆದಿಟ್ಟಿದ್ದರು! ಆಮೇಲೆ ನೀರು ಬಹಳ ಹರಿದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ನನ್ನ ಮನೆಯಲ್ಲಿ ನಾನೇನು ಕುಡಿಯುತ್ತೇನೆಂದು ಸರ್ಕಾರಕ್ಕೆ ಚೀಟಿ ಬರೆದುಕೊಡಬೇಕೆಂಬುದು ಆ ಮಾತಿನ ಜೊತೆ ಹೇಗೆ ಕೂರುತ್ತದೆ?

ಅದೇ 1949ರ ಕಾಯ್ದೆ 1960ರಲ್ಲಿ ರಾಜ್ಯ ಒಡೆದಾಗ ಅಣ್ಣತಮ್ಮಂದಿರಿಗೆ ಹಂಚಿಹೋಯಿತು. ಗುಜರಾತ್ ಅದನ್ನು ಹಿಡಿದು ಪಾನನಿಷೇಧ ನಡೆಸುತ್ತಿದೆ. ಮಹಾರಾಷ್ಟ್ರ ಅದೇ ಕಾಯ್ದೆಯ ಕೆಳಗೆ ಮದ್ಯ ಮಾರಿ ತೆರಿಗೆ ಎಣಿಸುತ್ತಿದೆ. ಒಂದೇ ಪುಸ್ತಕ, ವಾಪಿಯಲ್ಲಿ ಒಂದು ಅರ್ಥ, ಬೊರಿವಲಿಯಲ್ಲಿ ಇನ್ನೊಂದು. ಗುಜರಾತಿನದು ಸರಿಯೋ ತಪ್ಪೋ, ಹೇಳಿದ್ದನ್ನು ಮಾಡುತ್ತೇನೆ ಎಂದಾದರೂ ಅನ್ನುತ್ತದೆ.

ವಯಸ್ಸಿನ ಮಾತು ಬಂತು. 24ರ ಹುಡುಗ ಓಟು ಹಾಕಬಹುದು, ಮದುವೆಯಾಗಬಹುದು, ಗಡಿಯಲ್ಲಿ ಬಂದೂಕು ಹಿಡಿಯಬಹುದು, ತನ್ನ ಮದುವೆಯ ಪಾರ್ಟಿಯಲ್ಲಿ ವಿಸ್ಕಿ ಮುಟ್ಟುವಂತಿಲ್ಲ. ಕುಡಿದು ಗಾಡಿ ಓಡಿಸಿದರೆ ಹಿಡಿಯಿರಿ, ನಾನೇ ಚಪ್ಪಾಳೆ ತಟ್ಟುತ್ತೇನೆ. ಹೆಂಡತಿಯ ಮೇಲೆ ಕೈ ಎತ್ತಿದರೆ 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಇದೆ, ಬೀದಿಯಲ್ಲಿ ದಾಂಧಲೆ ಮಾಡಿದರೆ ಬೇರೆ ಕಲಮುಗಳಿವೆ. ಮಾಡಿದ ಕೆಲಸಕ್ಕೆ ಶಿಕ್ಷೆ ಕೊಡಿ, ಹಿಡಿದ ಗ್ಲಾಸಿಗಲ್ಲ. ಮಲಗಿದ ಬಾಟಲಿಗೆ ಮತ ಹಾಕುವ ಹೆಂಗಸರ ಬಗ್ಗೆ ನನ್ನ ತಕರಾರಿಲ್ಲ. ಅದು ಅಂಗಡಿಯ ಮೇಲಿನ ಮತ, ಎದುರೆದುರು ಆಗುವ ಜಗಳ.

ಅಕ್ಕಿ ಡಬ್ಬಿಯ ಹುಡುಗನಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ಆದರೆ ಅವನ ಅಪ್ಪನ ಹತ್ತಿರ ಯಾರೂ ಯಾವತ್ತೂ 2 ರೂಪಾಯಿಯ ಚೀಟಿ ಕೇಳಿರಲಿಕ್ಕಿಲ್ಲ, ಟೀಚರ್. ಕೇಳಿದ್ದರೆ ಅವನು 2 ರೂಪಾಯಿ ಕೊಟ್ಟು ಕುಡಿಯುತ್ತಿದ್ದ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಹೆಸರು ಹೊಳೆಯದ ಎಷ್ಟೋ ರಾತ್ರಿ ನನ್ನ ಹೆಸರನ್ನೇ ಬರೆದಿದ್ದೇನೆ. ಜನ್ಮದಲ್ಲಿ ನಾನು ಒಂದು ತೊಟ್ಟು ಮುಟ್ಟಿದವನಲ್ಲ, ಮನೆಯಲ್ಲಿ ಭೂತದ ಚಾಕರಿ ಇದೆ. ದಾಖಲೆ ತೆಗೆದು ನೋಡಿದರೆ ಮೂವತ್ತು ವರ್ಷ ದಿನ ಬಿಟ್ಟು ದಿನ ಕುಡಿದಿದ್ದೇನೆ, ಆರೋಗ್ಯ ರಕ್ಷಣೆಗಾಗಿ.